ಕಿವಿರಿನ ಕೃಮಿ ಮತ್ತು ಕರುಣೆಯ ಪ್ರಶ್ನೆ

ಈಶ್ವರನು ಕರುಣಾಳುವೆಂದು ನಂಬಿದ ಮನಸ್ಸಿಗೆ ಒದಗುವ ಸಂದೇಹಗಳಲ್ಲಿ ಕ್ಷಾಮ, ಯುದ್ಧ, ಭೂಕಂಪಗಳು ಹುಟ್ಟಿಸುವ ಸಂದೇಹ ಒಂದು ಬಗೆಯದಾದರೆ, ಬರಿಗಣ್ಣಿಗೆ ಕಂಡೂ ಕಾಣದಂತಿರುವ ಒಂದು ಕೃಮಿಯ ದೇಹರಚನೆ ಹುಟ್ಟಿಸುವ ಸಂದೇಹ ಇನ್ನೊಂದು ಬಗೆಯದು. ಮೊದಲನೆಯದಕ್ಕೆ ಮನುಷ್ಯನ ಪಾಪವನ್ನೋ ಕಾಲದ ವೈಪರೀತ್ಯವನ್ನೋ ಕಾರಣವಾಗಿ ಹೇಳಿ ಹೇಗೋ ಸಮಾಧಾನ ತಂದುಕೊಳ್ಳಬಹುದು. ಎರಡನೆಯದರಲ್ಲಿ ಆ ಅವಕಾಶವಿಲ್ಲ. ಏಕೆಂದರೆ ಅಲ್ಲಿ ವೈಪರೀತ್ಯವೆನ್ನಬಹುದಾದದ್ದು ಏನೂ ಇಲ್ಲ. ಮತ್ತೊಂದು ಪ್ರಾಣಿಯ ಉಸಿರಿನ ಅಂಗವನ್ನೇ ಹಿಡಿದು ತೂಗಾಡುತ್ತ ಅದರ ರಕ್ತದಿಂದ ಬದುಕುವುದಕ್ಕೆ ಬೇಕಾದ ಸಮಸ್ತ ಸಾಧನಗಳೂ ಆ ಪುಟ್ಟ ದೇಹದಲ್ಲಿ ಒಪ್ಪವಾಗಿ, ಒಂದಕ್ಕೊಂದು ಹೊಂದಿಕೊಂಡು, ಯಾವುದೊಂದೂ ಹೆಚ್ಚಾಗದೆ ಕಡಿಮೆಯಾಗದೆ ಅಣಿಗೊಂಡಿರುತ್ತವೆ. ಇಷ್ಟೊಂದು ಜಾಗರೂಕತೆಯಿಂದ ರೂಪುಗೊಂಡದ್ದನ್ನು ಸೃಷ್ಟಿಯ ಪ್ರಮಾದವೆಂದು ಹೇಳಿ ಬಿಟ್ಟುಬಿಡುವುದು ಸಾಧ್ಯವಿಲ್ಲ.

ಕಡೂರು, ತರೀಕೆರೆ, ಅಜ್ಜಂಪುರಗಳ ಸೀಮೆಗೂ ಸಮುದ್ರಕ್ಕೂ ನಡುವೆ ಸಹ್ಯಾದ್ರಿಯ ಸಾಲುಗಳು ನಿಂತಿವೆ. ಆದರೂ ಸಮುದ್ರವು ಈ ಸೀಮೆಗೆ ಅಪರಿಚಿತವಲ್ಲ. ಕರಾವಳಿಯ ಬಂದರುಗಳಲ್ಲಿ ಹಿಡಿದ ಬಂಗುಡೆ, ಭೂತಾಯಿ, ಅಂಜಲ್ ಮೀನುಗಳು ಮಂಜುಗಡ್ಡೆಯ ನಡುವೆ ಮಲಗಿ ಘಟ್ಟವನ್ನೇರಿ ಬಂದು ಇಲ್ಲಿನ ಪೇಟೆಗಳಲ್ಲಿ ಮಾರಾಟವಾಗುತ್ತವೆ. ಅವುಗಳ ಪಕ್ಕದಲ್ಲೇ ನಮ್ಮ ಕೆರೆಗಳ ಕಾಟ್ಲ, ರೋಹು, ಗೆಂಡೆಗಳೂ ಇರುತ್ತವೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆ, ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟಿದ ಅಣೆಕಟ್ಟೆಯ ಹಿಂದೆ ಹರಡಿರುವ ಜಲರಾಶಿ, ಇವೆಲ್ಲವೂ ಮೀನಿನ ನೆಲೆಗಳು. ಮೀನನ್ನು ಸೋಸುವವರು ಮೊದಲು ತೆಗೆದೆಸೆಯುವುದು ಕಿವಿರನ್ನು. ಹಾಗೆ ಎಸೆದ ಆ ಕೆಂಪು ಎಸಳುಗಳ ನಡುವೆ, ಸಮುದ್ರದ ಮೀನಾಗಲಿ ಕೆರೆಯ ಮೀನಾಗಲಿ, ಈ ಪ್ರಬಂಧಕ್ಕೆ ವಿಷಯವಾದ ಚಪ್ಪಟೆ ಹುಳು ಇದ್ದಿರಬಹುದಾದ ಸಂಭವ ಬಹಳ.

ಅದರ ರಚನೆಯನ್ನು ಸ್ವಲ್ಪ ಸಾವಧಾನವಾಗಿ ನೋಡತಕ್ಕದ್ದು. ತತ್ತ್ವದ ಪ್ರಶ್ನೆಯು ಇಲ್ಲಿ ರಚನೆಯ ವಿವರಗಳಿಂದಲೇ ಹುಟ್ಟುತ್ತದೆ. ಮೀನಿನ ಕಿವಿರೆಂದರೆ ಎಲುಬಿನ ಕಮಾನುಗಳಿಂದ ಹೊರಟ ಎಸಳುಗಳ ಜೋಡುಸಾಲು. ಪ್ರತಿಯೊಂದು ಎಸಳಿನ ಎರಡು ಪಾರ್ಶ್ವಗಳಲ್ಲೂ ಇನ್ನಷ್ಟು ತೆಳ್ಳನೆಯ ಪದರಗಳು ಒತ್ತೊತ್ತಾಗಿ ಎದ್ದಿರುತ್ತವೆ. ಆ ಪದರಗಳಲ್ಲಿ ಹರಿಯುವ ರಕ್ತಕ್ಕೂ ಹೊರಗಣ ನೀರಿಗೂ ನಡುವೆ ಅತಿ ಸೂಕ್ಷ್ಮವಾದ ಪೊರೆಯೊಂದೇ ಅಂತರ. ಬಾಯಿಂದ ಒಳಬಂದ ನೀರು ಈ ಪದರಗಳ ನಡುವೆ ಹಾದುಹೋಗುವಾಗ ಪ್ರಾಣವಾಯುವು ರಕ್ತಕ್ಕೆ ಸೇರುತ್ತದೆ. ಉಸಿರಾಡುವುದಕ್ಕಾಗಿ ಮೀನು ತನ್ನ ರಕ್ತವನ್ನು ಲೋಕಕ್ಕೆ ಇಷ್ಟು ಹತ್ತಿರ ತಂದಿಟ್ಟುಕೊಂಡಿದೆ. ದೇಹದಲ್ಲಿ ಇದಕ್ಕಿಂತ ಅನಾವೃತವಾದ, ಇದಕ್ಕಿಂತ ಅನಿವಾರ್ಯವಾದ ಸ್ಥಾನ ಇನ್ನೊಂದಿಲ್ಲ. ಮತ್ತು ಹುಳುವು ಆರಿಸಿಕೊಂಡದ್ದು ಈ ಸ್ಥಾನವನ್ನೇ.

ಅಂಜಲ್ ಮೀನಿನ ಕುಲದ ಕಿವಿರಿನಲ್ಲಿ ವಾಸಿಸುವ ಇಂಥ ಒಂದು ಹುಳುವಿಗೆ ೧೯೪೫ರಲ್ಲಿ ಚೌಹಾನ್ ಎಂಬ ಭಾರತೀಯ ಪ್ರಾಣಿಶಾಸ್ತ್ರಜ್ಞರು ಪ್ರೈಸಿಯ ಎಂದು ಹೆಸರಿಟ್ಟರು. ಉದ್ದದಲ್ಲಿ ಅದು ಕೆಲವೇ ಮಿಲಿಮೀಟರು. ಈ ವರ್ಗದ ಹುಳುಗಳ ದೇಹದ ಹಿಂಭಾಗವೇ ಅವುಗಳ ಲಂಗರು. ಪ್ರೈಸಿಯದಲ್ಲಿ ಆ ಭಾಗದ ಅಂಚುಗಳ ಉದ್ದಕ್ಕೂ ಪುಟ್ಟ ಇಕ್ಕುಳಗಳು ಸಾಲುಗಟ್ಟಿ ನಿಂತಿರುತ್ತವೆ. ಒಂದೊಂದು ಇಕ್ಕುಳಕ್ಕೂ ಗಡುಸಾದ ಕಡ್ಡಿಗಳ ಚೌಕಟ್ಟು, ಎರಡು ದವಡೆ, ಅವನ್ನು ಮುಚ್ಚುವ ಸ್ನಾಯು ಉಂಟು. ಕಿವಿರಿನ ಒಂದು ಪದರವನ್ನೋ ಎರಡು ಪದರಗಳನ್ನೋ ನಡುವೆ ಸಿಕ್ಕಿಸಿಕೊಂಡು ಇಕ್ಕುಳವು ಮುಚ್ಚಿಕೊಂಡಿತೆಂದರೆ ನೀರಿನ ರಭಸವು ಅದನ್ನು ಬಿಡಿಸಲಾರದು. ಬಾಲವು ಹೀಗೆ ಬಿಗಿಹಿಡಿದಿರುವಾಗ ಮುಂಭಾಗವು ನೀರಿನ ಪ್ರವಾಹದೊಡನೆ ಸ್ವಚ್ಛಂದವಾಗಿ ಓಲಾಡುತ್ತ, ಬಾಯಿಯು ಬೇಕಾದಲ್ಲಿ ಮುಟ್ಟಿ ರಕ್ತವನ್ನು ಎಳೆದುಕೊಳ್ಳುತ್ತದೆ.

ಕೆಲವು ಸಮುದ್ರ ಜಾತಿಗಳಲ್ಲಿ ಎಡಬಲಗಳ ಸಾಮ್ಯವೇ ಕೆಟ್ಟಿರುತ್ತದೆ. ಇಕ್ಕುಳಗಳು ಒಂದೇ ಪಾರ್ಶ್ವದಲ್ಲಿ ಬೆಳೆದು ಇನ್ನೊಂದು ಪಾರ್ಶ್ವವು ಬರಿದಾಗಿರುತ್ತದೆ. ಇದನ್ನು ಅಂಗವೈಕಲ್ಯವೆಂದು ಭಾವಿಸಬಾರದು. ಬರ್ಮಿಂಗ್‌ಹ್ಯಾಮಿನ ಲೆವೆಲಿನ್ ೧೯೫೬ರಲ್ಲಿ ಪ್ರಕಟಿಸಿದ ತಮ್ಮ ಸಂಶೋಧನೆಯಲ್ಲಿ ಇಂಥ ಹುಳುಗಳು ಕಿವಿರಿನ ಯಾವ ಮುಖದಲ್ಲಿ ಯಾವ ಭಂಗಿಯಲ್ಲಿ ಹಿಡಿದುಕೊಳ್ಳುತ್ತವೆಂಬುದನ್ನು ಅವುಗಳ ರಚನೆಯೊಡನೆ ತುಲನೆಮಾಡಿ ನೋಡಿದರು. ಮೀನು ಉಸಿರಾಡುವಾಗ ಕಿವಿರಿನ ಮೇಲೆ ಹಾಯುವ ನೀರಿಗೆ ನಿಯತವಾದ ಒಂದು ದಿಕ್ಕಿದೆ. ಹುಳುವು ಆ ಪ್ರವಾಹಕ್ಕೆ ಬಾಯನ್ನು ಕೆಳಗಾಗಿಸಿಕೊಂಡು ನೆಲೆಸುತ್ತದೆ. ಹಾಗೆ ನೆಲೆಸಿದಾಗ ಎಸಳಿಗೆ ತಾಗುವ ಪಾರ್ಶ್ವಕ್ಕೆ ಇಕ್ಕುಳಗಳು ಬೇಕು, ತಾಗದ ಪಾರ್ಶ್ವಕ್ಕೆ ಬೇಡ. ಮೀನಿನ ಉಸಿರಾಟದ ಲಯವು ಹುಳುವಿನ ದೇಹದ ಆಕೃತಿಯಲ್ಲಿ ಅಚ್ಚೊತ್ತಿದೆ. ಇದನ್ನು ಮೊದಲ ಬಾರಿ ತಿಳಿದಾಗ ನನಗಾದ ವಿಸ್ಮಯವು ಈಗಲೂ ಕಡಿಮೆಯಾಗಿಲ್ಲ.

ಒಳಗಣ ರಚನೆ ಇನ್ನೂ ಮನನಯೋಗ್ಯವಾದದ್ದು. ಈ ಪ್ರಾಣಿಗೆ ಹೃದಯವಿಲ್ಲ, ಸ್ವಂತ ರಕ್ತವಿಲ್ಲ, ಶ್ವಾಸಾಂಗವಿಲ್ಲ, ಗುದದ್ವಾರವೂ ಇಲ್ಲ. ಕರುಳು ಎರಡಾಗಿ ಕವಲೊಡೆದು, ಆ ಕವಲುಗಳಿಂದ ಸಣ್ಣ ಸಣ್ಣ ಕೊಂಬೆಗಳು ಹೊರಟು ದೇಹವನ್ನೆಲ್ಲ ವ್ಯಾಪಿಸುತ್ತವೆ. ಕುಡಿದ ರಕ್ತವು ಜೀರ್ಣವಾದ ಮೇಲೆ ಉಳಿಯುವ ಕಪ್ಪು ಶೇಷವು ಕರುಳಿನ ಗೋಡೆಯಲ್ಲಿ ಕೂಡಿಕೊಂಡು, ಪಾರದರ್ಶಕವಾದ ಮೈಯೊಳಗಿಂದ ಆ ಕೊಂಬೆಗಳು ಕಪ್ಪಾಗಿ ತೋರುತ್ತವೆ. ಬಂದ ದಾರಿಯಲ್ಲೇ, ಎಂದರೆ ಬಾಯಿಂದಲೇ, ಆ ಶೇಷವು ಹೊರಹೋಗುತ್ತದೆ. ಮೈಯಲ್ಲಿ ಹೆಚ್ಚಾದ ನೀರನ್ನು ಹೊರಗೆಡಹುವುದಕ್ಕೆ ಜ್ವಾಲಾಕೋಶಗಳೆಂಬ ಸೂಕ್ಷ್ಮ ಯಂತ್ರಗಳಿವೆ. ಅವುಗಳೊಳಗಿನ ರೋಮಗಳ ಗುಚ್ಛವು ದೀಪದ ಕುಡಿಯಂತೆ ಸದಾ ಮಿಡುಕುತ್ತಿರುವುದರಿಂದ ಆ ಹೆಸರು. ತಲೆಯಲ್ಲಿ ಒಂದು ಜೋಡಿ ನರಗ್ರಂಥಿ, ಅಲ್ಲಿಂದ ಹಿಂದಕ್ಕೆ ಹರಿಯುವ ನರತಂತುಗಳು. ಉಳಿದ ಅವಕಾಶವನ್ನೆಲ್ಲ ಸಂತಾನದ ಅಂಗಗಳು ಆಕ್ರಮಿಸಿಕೊಂಡಿವೆ. ಒಂದೇ ದೇಹದಲ್ಲಿ ಅಂಡಾಶಯವೂ ಉಂಟು, ವೃಷಣಗಳೂ ಉಂಟು; ಕರುಳಿನ ಕೊಂಬೆಗಳ ಪಕ್ಕದಲ್ಲೇ ಮೊಟ್ಟೆಗೆ ಪೋಷಣೆಯನ್ನು ಒದಗಿಸುವ ಗ್ರಂಥಿಗಳು ಹರಡಿಕೊಂಡಿವೆ. ಇಷ್ಟೇ ಅಲ್ಲದೆ, ರಕ್ತಪಾಯಿಗಳಾದ ಈ ಹುಳುಗಳಲ್ಲಿ ಅಂಡನಾಳದಿಂದ ಕರುಳಿಗೆ ಒಂದು ಚಿಕ್ಕ ಕಾಲುವೆಯಿದ್ದು, ಮೊಟ್ಟೆ ಕಟ್ಟುವುದರಲ್ಲಿ ಮಿಕ್ಕ ಸಾಮಗ್ರಿಯು ಅದರ ಮೂಲಕ ಕರುಳಿಗೆ ಮರಳಿ ಆಹಾರವಾಗುತ್ತದೆ. ವ್ಯರ್ಥವೆಂಬುದಕ್ಕೆ ಇಲ್ಲಿ ಎಡೆಯೇ ಇಲ್ಲ.

ಮೊಟ್ಟೆಯಿಂದ ಹೊರಬರುವ ಮರಿಗೆ ಮೈಮೇಲೆ ಈಜುವ ರೋಮಗಳುಂಟು, ಬಾಲದಲ್ಲಿ ಆಗಲೇ ಸಿದ್ಧವಾದ ಕೊಕ್ಕೆಗಳುಂಟು. ಅದು ಏನನ್ನೂ ತಿನ್ನದೆ ಕೆಲವು ಗಂಟೆಗಳು, ಹೆಚ್ಚೆಂದರೆ ಒಂದೆರಡು ದಿನ, ಈಜಬಲ್ಲುದು. ಅಷ್ಟರೊಳಗೆ ತನ್ನ ಜಾತಿಗೆ ಸಲ್ಲುವ ಮೀನು ಸಿಕ್ಕದಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಅದು ಒಂದೇ ಆತಿಥೇಯನನ್ನು ನಂಬಿದ ಜೀವನ. ಅಜ್ಜಂಪುರದ ಅಮೃತಮಹಲ್ ಕಾವಲಿನ ಸುತ್ತಿನಲ್ಲಿ ದನ ಸಾಕಿದವರಿಗೆ ಈ ಹುಳುವಿನ ದಾಯಾದಿಯಾದ ಇನ್ನೊಂದು ಚಪ್ಪಟೆ ಹುಳು ಗೊತ್ತಿರಬಹುದು. ಕೆರೆಯಂಚಿನ ಹುಲ್ಲಿನಿಂದ ದನದ ಪಿತ್ತಜನಕಾಂಗವನ್ನು ಸೇರುವ ಅದಕ್ಕೆ ನಡುವೆ ಬಸವನಹುಳುವಿನ ಆಶ್ರಯ ಬೇಕು. ಕಿವಿರಿನ ಹುಳುವಿಗೆ ಅಂಥ ಮಧ್ಯಸ್ಥನಿಲ್ಲ. ಮೀನಿನಿಂದ ಮೀನಿಗೆ, ಅದೂ ಬಹುಮಟ್ಟಿಗೆ ಒಂದೇ ಜಾತಿಯ ಮೀನಿಗೆ, ಅದರ ಪಯಣ.

ಇನ್ನು ಪ್ರಶ್ನೆ. ತರೀಕೆರೆಯ ಬಳಿಯ ಅಮೃತಾಪುರದಲ್ಲಿ ೧೧೯೬ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಭುವನೇಶ್ವರಿಗಳನ್ನು ನೋಡಿದವನು ಅವುಗಳ ಹಿಂದೆ ಒಬ್ಬ ಶಿಲ್ಪಿ ಇದ್ದನೆಂದು ತಿಳಿಯಲು ರೂವಾರಿ ಮಲ್ಲಿತಮ್ಮನ ಹೆಸರನ್ನು ಕೇಳಿರಬೇಕಾದುದಿಲ್ಲ. ಕೃತಿಯೇ ಕರ್ತೃವನ್ನು ಹೇಳುತ್ತದೆ. ಜಗತ್ತೂ ಒಂದು ಕಾರ್ಯವಾದ್ದರಿಂದ ಅದಕ್ಕೂ ಒಬ್ಬ ಕರ್ತನಿರಬೇಕೆಂದು ಉದಯನಾಚಾರ್ಯನೇ ಮೊದಲಾದ ನೈಯಾಯಿಕರು ವಾದಿಸಿದರು. ೧೮೦೨ರಲ್ಲಿ ಇಂಗ್ಲೆಂಡಿನ ವಿಲಿಯಂ ಪೇಲಿ ಪ್ರಾಣಿಗಳ ಅಂಗರಚನೆಯನ್ನೇ ಸಾಕ್ಷಿಯಾಗಿಟ್ಟುಕೊಂಡು ಇಂಥದೇ ವಾದವನ್ನು ಹೂಡಿದನು. ಆದರೆ ಈ ವಾದವನ್ನು ಕಿವಿರಿನ ಹುಳುವಿನವರೆಗೂ ಕೊಂಡೊಯ್ದರೆ ಅದು ಹೂಡಿದವರ ಕಡೆಗೇ ತಿರುಗುತ್ತದೆ. ಇಕ್ಕುಳದ ಕುಶಲತೆಯಿಂದ ಕರ್ತನ ಜಾಣ್ಮೆ ಸಿದ್ಧವಾಗುವುದಾದರೆ, ಆ ಇಕ್ಕುಳದ ಉದ್ದೇಶದಿಂದ ಅವನ ಹೃದಯವೂ ಸಿದ್ಧವಾಗಬೇಕಲ್ಲವೆ? ೧೮೬೦ರಲ್ಲಿ ಏಸಾ ಗ್ರೇ ಎಂಬ ಸಸ್ಯಶಾಸ್ತ್ರಜ್ಞನಿಗೆ ಬರೆದ ಪತ್ರದಲ್ಲಿ ಡಾರ್ವಿನ್ನನನ್ನು ಬಾಧಿಸಿದ್ದು ಇದೇ ಸಂಕಟ. ಕಂಬಳಿಹುಳುವಿನ ಜೀವಂತ ದೇಹದೊಳಗೆ ತನ್ನ ಮರಿಗಳನ್ನು ಉಣಿಸುವ ಕಣಜವನ್ನು ದಯಾಮಯನೂ ಸರ್ವಶಕ್ತನೂ ಆದ ದೇವರು ಬುದ್ಧಿಪೂರ್ವಕವಾಗಿ ಸೃಷ್ಟಿಸಿದನೆಂದು ನಂಬಲು ತನ್ನಿಂದಾಗದೆಂದು ಅವನು ಅಲ್ಲಿ ಒಪ್ಪಿಕೊಂಡನು.

ನಮ್ಮ ಪೂರ್ವಿಕರು ಈ ಆಕ್ಷೇಪವನ್ನು ಅರಿಯದವರಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೊದಲ ಪಾದದಲ್ಲಿ ಅದು ಎರಡು ದೋಷಗಳ ಹೆಸರಿನಲ್ಲಿ ನೇರವಾಗಿಯೇ ಮಂಡಿತವಾಗಿದೆ: ಒಬ್ಬರನ್ನು ಸುಖಿಯನ್ನಾಗಿಯೂ ಒಬ್ಬರನ್ನು ದುಃಖಿಯನ್ನಾಗಿಯೂ ಮಾಡಿದ ವೈಷಮ್ಯ, ಪ್ರಾಣಿಗಳಿಗೆ ದುಃಖವನ್ನೂ ಸಂಹಾರವನ್ನೂ ವಿಧಿಸಿದ ನೈರ್ಘೃಣ್ಯ. ಈಶ್ವರನು ಜೀವಿಗಳ ಕರ್ಮವನ್ನು ಅಪೇಕ್ಷಿಸಿ ಸೃಷ್ಟಿಸುವುದರಿಂದ ಈ ದೋಷಗಳು ಅವನಿಗೆ ತಗುಲವೆಂಬುದು ಅಲ್ಲಿನ ಉತ್ತರ. ಶಂಕರಾಚಾರ್ಯರು ಭಾಷ್ಯದಲ್ಲಿ ಮಳೆಯ ದೃಷ್ಟಾಂತವನ್ನು ಕೊಡುತ್ತಾರೆ: ಬತ್ತಕ್ಕೂ ಬಾರ್ಲಿಗೂ ಮಳೆ ಒಂದೇ, ಬೆಳೆಗಳ ಭೇದಕ್ಕೆ ಕಾರಣ ಆಯಾ ಬೀಜದಲ್ಲಿರುವ ಸಾಮರ್ಥ್ಯ. ಮೋಡಗಳು ಚಂದ್ರದ್ರೋಣ ಪರ್ವತದ ಪಶ್ಚಿಮಕ್ಕೇ ಸುರಿದುಬಿಟ್ಟು ಪೂರ್ವಕ್ಕೆ ಬರುವಷ್ಟರಲ್ಲಿ ಬಡವಾಗುವ ಈ ಸೀಮೆಯವರು ಮಳೆಯ ಸಮದರ್ಶಿತ್ವವನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳುವರೋ ಇಲ್ಲವೋ, ದೃಷ್ಟಾಂತದ ತಾತ್ಪರ್ಯವಂತೂ ಸ್ಪಷ್ಟ.

ಈ ಉತ್ತರವನ್ನು ನಾನು ಗೌರವದಿಂದ ಪರಿಶೀಲಿಸಿದ್ದೇನೆ. ಅದು ಈಶ್ವರನನ್ನು ಆರೋಪದಿಂದ ಮುಕ್ತನನ್ನಾಗಿ ಮಾಡುತ್ತದೆಯೆಂಬುದನ್ನು ಅಲ್ಲಗಳೆಯಲಾರೆ. ಆದರೆ ಅದನ್ನು ಕಿವಿರಿನ ಬಳಿಗೆ ತಂದು ನೋಡಿ. ಮೀನಿನ ಯಾತನೆಯು ಅದರ ಪ್ರಾಚೀನ ಕರ್ಮದ ಫಲವಾದರೆ, ರಕ್ತವನ್ನು ಹೀರುವ ಹುಳುವು ದಂಡಾಧಿಕಾರಿಯಾಗುತ್ತದೆ, ಮತ್ತು ಆ ಹುಳುವನ್ನು ಬಿಡಿಸಿ ಮೀನನ್ನು ಉಳಿಸಿದವನು ನ್ಯಾಯಕ್ಕೆ ಅಡ್ಡಬಂದವನಾಗುತ್ತಾನೆ! ಯಾವ ಆಚಾರ್ಯನೂ ಇದನ್ನು ಒಪ್ಪಲಿಲ್ಲ. ಎಲ್ಲರೂ ಭೂತದಯೆಯನ್ನು ವಿಧಿಸಿದರು. ಆದ್ದರಿಂದ ಕರ್ಮಸಿದ್ಧಾಂತವು ಈಶ್ವರನ ಪರವಾಗಿ ಹೇಳಿದ ಉತ್ತರವೇ ಹೊರತು ಮೀನನ್ನು ನೋಡುವ ನಮ್ಮ ಕಣ್ಣಿಗೆ ಕೊಟ್ಟ ಅಪ್ಪಣೆಯಲ್ಲ. ಈ ಎರಡನ್ನೂ ಬೆರೆಸಿ, ಪರರ ದುಃಖವನ್ನು ಕಂಡಾಗಲೆಲ್ಲ ಕರ್ಮವೆಂದು ಹೇಳಿ ಮುಖ ತಿರುಗಿಸುವುದಕ್ಕೆ ಆ ಸಿದ್ಧಾಂತವನ್ನು ಬಳಸಿಕೊಂಡಿರುವುದು ನಮ್ಮ ಸಮಾಜದ ದೊಡ್ಡ ಪಾತಕಗಳಲ್ಲೊಂದೆಂದು ನನಗೆ ತೋರುತ್ತದೆ.

ಹುಳುವಿನ ವಿಷಯದಲ್ಲಿ ಮಾತ್ರ ಸಂಪ್ರದಾಯದ ನಿಲುವು ಅತ್ಯಂತ ನ್ಯಾಯವಾದದ್ದು. ತಿರ್ಯಗ್ಜಂತುಗಳ ಜನ್ಮವು ಭೋಗಕ್ಕಾಗಿ ಇರತಕ್ಕದ್ದೇ ಹೊರತು ಹೊಸ ಪಾಪಪುಣ್ಯಗಳ ಸಂಪಾದನೆಗಲ್ಲ. ಬೇರೊಂದು ರೀತಿಯಲ್ಲಿ ಬದುಕುವ ಆಯ್ಕೆಯಿದ್ದಲ್ಲಿ ಮಾತ್ರ ಅಧರ್ಮದ ಮಾತಿಗೆ ಎಡೆಯುಂಟು. ಕೊಕ್ಕೆಗಳೊಡನೆ ಹುಟ್ಟಿ, ರಕ್ತವಲ್ಲದೆ ಬೇರಾವುದನ್ನೂ ಜೀರ್ಣಿಸಲಾರದ ಜೀವಿಯನ್ನು ಕ್ರೂರವೆನ್ನುವುದು ಅವಿಚಾರ. ಮನುಸ್ಮೃತಿಯು ಗೃಹಸ್ಥನ ನಿತ್ಯಕರ್ಮದಲ್ಲಿ ನಾಯಿಗೂ ಕಾಗೆಗೂ ರೋಗಿಗೂ ಬಲಿಯನ್ನಿಡುವಂತೆ ಹೇಳುವಾಗ ಕೃಮಿಗಳನ್ನೂ ಮರೆಯಲಿಲ್ಲ. ಅನ್ನವನ್ನು ಎಸೆಯದೆ ನೆಲದ ಮೇಲೆ ಮೆಲ್ಲಗೆ ಇಡಬೇಕೆಂದೂ ವಿಧಿಸಿತು. ಅಥರ್ವವೇದದಲ್ಲಿ ಕೃಮಿಗಳನ್ನು ಸಂಹರಿಸುವ ಮಂತ್ರಗಳಿವೆಯೆಂಬುದೂ ನಿಜ. ಒಂದೇ ಪರಂಪರೆಯು ಕೃಮಿಯನ್ನು ಕೊಲ್ಲುವುದಕ್ಕೂ ಅದಕ್ಕೆ ಉಣಬಡಿಸುವುದಕ್ಕೂ ವಿಧಿಯನ್ನು ಹೇಳಿತೆಂಬುದನ್ನು ವಿರೋಧವೆಂದು ಭಾವಿಸದೆ, ಲೋಕದ ಸ್ಥಿತಿಯನ್ನು ಕಂಡವರ ಪ್ರಾಮಾಣಿಕತೆಯೆಂದು ನಾನು ಭಾವಿಸುತ್ತೇನೆ.

ಕಡೂರಿನ ಮಟ್ಟಿಗೆ ಈ ವಿಚಾರಕ್ಕೆ ಒಂದು ಸಾವಿರ ವರ್ಷದ ಹಿಂದಿನ ಸಾಕ್ಷಿಯೂ ಉಂಟು. ಕ್ರಿ.ಶ. ೯೭೧ರ ಕಡೂರಿನ ಶಾಸನವು ಗಂಗರ ಬೂತುಗನ ಅಕ್ಕನಾದ ಪಾಂಬಬ್ಬೆಯನ್ನು ಸ್ಮರಿಸುತ್ತದೆ. ಅರಸುಮನೆಯ ಆ ಹೆಣ್ಣುಮಗಳು ತನ್ನ ಕೇಶವನ್ನು ತಾನೇ ಕಿತ್ತು, ಜೈನ ದೀಕ್ಷೆಯನ್ನು ಕೈಕೊಂಡು, ಮೂವತ್ತು ವರ್ಷ ತಪಸ್ಸು ಮಾಡಿ ದೇಹವನ್ನು ತ್ಯಜಿಸಿದಳು. ಅವಳು ಆಶ್ರಯಿಸಿದ ಧರ್ಮವು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ಎಣಿಸುತ್ತದೆ: ಕೃಮಿಗೆ ಸ್ಪರ್ಶ, ರುಚಿಗಳೆಂಬ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮೀನಿಗೂ ಮನುಷ್ಯನಿಗೂ ಐದು. ಇಂದ್ರಿಯಗಳು ಹೆಚ್ಚಾದಷ್ಟೂ ಹಿಂಸೆಯ ಭಾರವೂ ಹೆಚ್ಚು. ಈ ಎಣಿಕೆಯ ಪ್ರಕಾರ ಕಿವಿರಿನಲ್ಲಿ ನಡೆಯುವುದು ದ್ವೀಂದ್ರಿಯವೊಂದರಿಂದ ಪಂಚೇಂದ್ರಿಯಕ್ಕೆ ಒದಗಿದ ಬಾಧೆ. ಆದರೆ ಅದೇ ಧರ್ಮದ ಶ್ರಾವಕರು ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವಾಗ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಎಲ್ಲೆಂದರಲ್ಲಿ ಝಾಡಿಸದೆ, ಯಾವ ಬಾವಿಯಿಂದ ಯಾವ ಕೆರೆಯಿಂದ ನೀರನ್ನು ತಂದರೋ ಆ ನೀರಿಗೇ ಹಿಂದಿರುಗಿಸುವ ಕ್ರಮವನ್ನು ಪಾಲಿಸುತ್ತಾರೆ. ಒಂದು ಜೀವದಿಂದ ತನಗೆ ಅಪಾಯವಿರಬಹುದು. ಆದರೂ ಅದಕ್ಕೊಂದು ನೆಲೆಯುಂಟು, ಆ ನೆಲೆ ಅದಕ್ಕೆ ಸಲ್ಲಬೇಕು. ಅಹಿಂಸೆಯ ವಿಚಾರದಲ್ಲಿ ನಾನು ಓದಿದ ಎಷ್ಟೋ ವಾದಗಳಿಗಿಂತ ಈ ಒಂದು ಆಚರಣೆ ನನಗೆ ಹೆಚ್ಚಿನದನ್ನು ತಿಳಿಸಿತು.

ಈಗ ಸಮುದ್ರದಿಂದ ನಮ್ಮ ಕೆರೆಗೆ ಬರೋಣ. ಗೆಂಡೆಯ ಜಾತಿಯ ಮೀನುಗಳ ಕಿವಿರಿನಲ್ಲಿರುವ ಹುಳು ಡ್ಯಾಕ್ಟಿಲೋಗೈರಸ್ ಎಂಬುದು. ಅದರ ಬಾಲದಲ್ಲಿ ಇಕ್ಕುಳಗಳಿಗೆ ಬದಲಾಗಿ ಎರಡು ದೊಡ್ಡ ಕೊಕ್ಕೆಗಳೂ ಸುತ್ತ ಹದಿನಾಲ್ಕು ಚಿಕ್ಕ ಕೊಕ್ಕೆಗಳೂ ಇವೆ. ತಲೆಯ ಮೇಲೆ ನಾಲ್ಕು ಕಣ್ಚುಕ್ಕೆಗಳಿವೆ. ಕೃಮಿಗೆ ಎರಡೇ ಇಂದ್ರಿಯವೆಂದ ಹಿರಿಯರು ಈ ನಾಲ್ಕು ಕಪ್ಪು ಚುಕ್ಕೆಗಳನ್ನು ಕಂಡಿದ್ದರೆ ತಮ್ಮ ಎಣಿಕೆಯನ್ನು ಸಂತೋಷದಿಂದಲೇ ತಿದ್ದಿಕೊಳ್ಳುತ್ತಿದ್ದರೆಂದು ನಂಬುತ್ತೇನೆ. ಏಕೆಂದರೆ ಅವರ ಎಣಿಕೆಯ ಉದ್ದೇಶ ಜೀವವನ್ನು ಕೀಳುಮಾಡುವುದಾಗಿರಲಿಲ್ಲ.

ತೆರೆದ ಕೆರೆಯಲ್ಲಿ ಒಳ್ಳೆಯ ಮಳೆಯಾದ ವರ್ಷ ಒಂದೊಂದು ಮೀನಿನಲ್ಲಿ ಕೆಲವು ಹುಳುಗಳಿದ್ದರೂ ಮೀನು ಅವನ್ನು ಹೊತ್ತುಕೊಂಡೇ ಬೆಳೆಯುತ್ತದೆ, ಮರಿಮಾಡುತ್ತದೆ. ಮೀನು ಸತ್ತರೆ ಹುಳುವಿಗೂ ಉಳಿವಿಲ್ಲ. ಮೊಟ್ಟೆಯೊಡೆದು ಬಂದ ಮರಿಹುಳುಗಳಲ್ಲಿ ಬಹುಪಾಲು ಮೀನನ್ನು ಕಾಣದೆಯೇ ನೀರಿನ ವಿಸ್ತಾರದಲ್ಲಿ ಅಳಿದುಹೋಗುತ್ತವೆ. ಆ ವಿಸ್ತಾರವೇ ಮೀನಿನ ರಕ್ಷೆ. ಮೀನುಗಳು ಹೊಂಡವೊಂದರಲ್ಲಿ ಒತ್ತೊತ್ತಾಗಿ ತುಂಬಿದಾಗ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಹೊರಬಂದ ಪ್ರತಿಯೊಂದು ಮರಿಹುಳುವಿಗೂ ಎದುರಿಗೇ ಕಿವಿರು ಸಿಕ್ಕುತ್ತದೆ. ಬೆಚ್ಚನೆಯ ನೀರಿನಲ್ಲಿ ಕೆಲವೇ ದಿನಗಳಲ್ಲಿ ಮುಂದಿನ ತಲೆಮಾರು ಸಿದ್ಧವಾಗುತ್ತದೆ. ಕೊಕ್ಕೆಗಳಿಂದ ಗಾಯಗೊಂಡ ಕಿವಿರು ಲೋಳೆಯಿಂದ ಮುಚ್ಚಿ, ನೀರಿನಲ್ಲಿಯೇ ಇದ್ದುಕೊಂಡು ಮೀನುಮರಿಗಳು ಉಸಿರುಕಟ್ಟಿ ಸಾಯುತ್ತವೆ.

ಇಂಥ ಒತ್ತಣೆಗೆ ಬಹುಮಟ್ಟಿಗೆ ಕಾರಣರು ನಾವೇ. ೧೯೫೭ರಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳಿಗೆ ಕೊಳದಲ್ಲೇ ಮೊಟ್ಟೆಯಿಡಿಸುವುದರಲ್ಲಿ ಸಫಲರಾದಂದಿನಿಂದ ಹರಿಯುವ ನದಿಯನ್ನು ಕಾಯದೆಯೇ ಮೀನುಮರಿಗಳನ್ನು ಉತ್ಪಾದಿಸುವುದು ಸಾಧ್ಯವಾಯಿತು. ಅದು ಕೋಟ್ಯಂತರ ಜನರಿಗೆ ಅನ್ನವನ್ನು ಕೊಟ್ಟ ವಿದ್ಯೆ. ಅದನ್ನು ನಿಂದಿಸುವವನು ನಾನಲ್ಲ. ಆದರೆ ಪಾಲನಾ ಕೊಳಗಳಲ್ಲಿ ಹೆಕ್ಟೇರೊಂದಕ್ಕೆ ೩೦ರಿಂದ ೫೦ ಲಕ್ಷ ಎಳೆಮರಿಗಳನ್ನು ಬಿಡುವ ರೂಢಿಯಿದೆ. ಬಲಿತ ಬಿತ್ತನೆ ಮರಿಗಳನ್ನು ಊರ ಕೆರೆಗೆ ಬಿಡುವಾಗಲಾದರೋ ಹೆಕ್ಟೇರಿಗೆ ಕೆಲವೇ ಸಾವಿರ. ಈ ಎರಡು ಸಂಖ್ಯೆಗಳ ಅಂತರದಲ್ಲಿ ಕಿವಿರಿನ ಹುಳುವು ಕೊಲೆಗಾರನಾಗುತ್ತದೆ. ಸಮುದ್ರದಲ್ಲೂ ಇದೇ ಕಥೆ: ಜಪಾನಿನವರು ಬಲೆಯ ಪಂಜರಗಳಲ್ಲಿ ಮೀನು ಸಾಕತೊಡಗಿದ ಮೇಲೆ, ತೆರೆದ ಕಡಲಿನಲ್ಲಿ ಅಷ್ಟಾಗಿ ಗಮನಕ್ಕೆ ಬಾರದಿದ್ದ ಈ ವರ್ಗದ ಹುಳುಗಳು ಮೀನುಸಾಕಣೆಯ ಮಹಾಬಾಧೆಯಾದವು. ಸೃಷ್ಟಿಯ ನೈರ್ಘೃಣ್ಯವೆಂದು ನಾವು ಈಶ್ವರನ ಮೇಲೆ ಹೊರಿಸುವ ದುಃಖದಲ್ಲಿ ಎಷ್ಟು ಪಾಲು ನಮ್ಮ ಏರ್ಪಾಟಿನದು ಎಂಬುದನ್ನು ಮೊದಲು ಕಳೆದುಕೊಂಡು, ಆಮೇಲೆ ಉಳಿದದ್ದಕ್ಕೆ ಅವನನ್ನು ಪ್ರಶ್ನಿಸುವುದು ಯುಕ್ತ. ತತ್ತ್ವಶಾಸ್ತ್ರದ ಗ್ರಂಥಗಳು ಈ ವ್ಯವಕಲನವನ್ನು ಮಾಡದೆಯೇ ವಾದಕ್ಕಿಳಿಯುತ್ತವೆಂಬುದು ನನ್ನ ದೂರು.

ಮೀನುಮರಿಗಳನ್ನು ಕೆರೆಗೆ ಬಿಡುವ ಮುನ್ನ ನೂರು ಭಾಗ ನೀರಿಗೆ ಎರಡು ಮೂರು ಭಾಗ ಉಪ್ಪನ್ನು ಕರಗಿಸಿ ಅದರಲ್ಲಿ ಅವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುವ ಪದ್ಧತಿಯುಂಟು. ಮೀನು ತಾಳಿಕೊಳ್ಳುವ ಆ ಉಪ್ಪನ್ನು ಅನೇಕ ಹುಳುಗಳು ತಾಳಲಾರದೆ ಕಳಚಿ ಬೀಳುತ್ತವೆ. ಹೀಗೆ ಮಾಡಬಹುದೆ ಎಂದು ಯಾರಾದರೂ ಕೇಳಿದರೆ ಸಂಕೋಚವಿಲ್ಲದೆ ಹೌದೆನ್ನುತ್ತೇನೆ. ಸಾಕಿದವನು ಸಾಕಿದ್ದರ ಪಕ್ಷವನ್ನು ವಹಿಸಬೇಕು. ಯಾರ ಪಕ್ಷವನ್ನೂ ವಹಿಸದ ಕರುಣೆಯು ಕೈಕಟ್ಟಿ ಕುಳಿತ ಕರುಣೆ. ಆ ಮೀನನ್ನು ಮುಂದೆ ತಿನ್ನುವುದಕ್ಕಾಗಿಯೇ ಸಾಕುತ್ತಿರುವುದರಿಂದ ಇದು ಕರುಣೆಯೇ ಅಲ್ಲವೆಂದು ಸಸ್ಯಾಹಾರಿಗಳು ಆಕ್ಷೇಪಿಸಬಹುದು. ಕೊನೆಗೆ ಕೊಲ್ಲುವುದುಂಟೆಂಬ ಕಾರಣಕ್ಕೆ ಅಲ್ಲಿಯವರೆಗಿನ ನರಳಾಟವನ್ನೂ ನಿರ್ಲಕ್ಷಿಸಬಹುದೆಂಬ ತರ್ಕ ನನಗೆ ಒಪ್ಪಿಗೆಯಿಲ್ಲ. ಆದರೆ ಉಪ್ಪುನೀರಿನ ತೊಟ್ಟಿಯ ತಳಕ್ಕೆ ಇಳಿದದ್ದು ಏನೆಂಬುದು ಅದ್ದಿದವನಿಗೆ ತಿಳಿದಿರಲಿ: ಕವಲೊಡೆದ ಕರುಳು, ಮಿಡುಕುವ ಜ್ವಾಲಾಕೋಶ, ನಾಲ್ಕು ಕಣ್ಚುಕ್ಕೆ ಇದ್ದ ಒಂದು ಜೀವ.

ಶತಪಥಬ್ರಾಹ್ಮಣದ ಮತ್ಸ್ಯಕಥೆಯಲ್ಲಿ, ಕೈತೊಳೆಯುವ ನೀರಿನಲ್ಲಿ ಮನುವಿನ ಕೈಗೆ ಸಿಕ್ಕ ಸಣ್ಣ ಮೀನು ತನ್ನನ್ನು ಕಾಪಾಡೆಂದು ಬೇಡುತ್ತದೆ. ಮೀನನ್ನು ಮೀನೇ ನುಂಗುವ ಲೋಕದ ಭಯವನ್ನು ಹೇಳಿಕೊಳ್ಳುತ್ತದೆ. ಮುಂದಿನ ಜಲಪ್ರಳಯವನ್ನೂ ನಾವೆಯನ್ನೂ ಎಲ್ಲರೂ ನೆನೆಯುತ್ತಾರೆ. ಆದರೆ ಕಾಪಾಡುವ ಬಗೆ ಹೇಗೆಂದು ಮನು ಕೇಳಿದಾಗ ಮೀನು ಕೊಟ್ಟ ಉತ್ತರ ಇದಕ್ಕಿಂತ ಹೆಚ್ಚು ಗಮನಾರ್ಹ: ಮೊದಲು ಕುಂಭದಲ್ಲಿಡು, ಅದು ಸಾಲದಾದಾಗ ಹೊಂಡವನ್ನು ತೋಡಿ ಅದರಲ್ಲಿಡು, ಅದೂ ಸಾಲದಾದಾಗ ಸಮುದ್ರಕ್ಕೆ ಒಯ್ದು ಬಿಡು. ಶರಣುಬಂದ ಪ್ರಾಣಿಯು ಬೇಡಿದ್ದು ಆಯುಧವನ್ನಲ್ಲ, ಶತ್ರುವಿನ ನಾಶವನ್ನೂ ಅಲ್ಲ. ತನ್ನ ಬೆಳವಣಿಗೆಗೆ ತಕ್ಕ ನೀರನ್ನು. ನಮ್ಮ ಮೀನುಕೊಳಗಳ ವಿಷಯದಲ್ಲಿ ಜೀವಶಾಸ್ತ್ರಜ್ಞರು ಇಂದು ಹೇಳುವುದೂ ಇದನ್ನೇ.

ಹಾಗಾದರೆ ಮನುಷ್ಯನು ಒತ್ತಣೆಯನ್ನು ತಗ್ಗಿಸಿದೊಡನೆ ಪ್ರಶ್ನೆ ಪರಿಹಾರವಾಯಿತೆ? ಆಗಲಿಲ್ಲ. ಅಜ್ಜಂಪುರದ ಕಡೆಯ ಮಳೆಯಾಧಾರದ ಕೆರೆಗಳು ಬರಗಾಲದಲ್ಲಿ ಬತ್ತುತ್ತ ಬಂದು ಗುಂಡಿಗಳಾಗುವಾಗ ಮೀನುಗಳನ್ನು ಒತ್ತೊತ್ತಾಗಿ ತುಂಬುವವನು ಮನುಷ್ಯನಲ್ಲ. ಈಚೆಗೆ ಅಜ್ಜಂಪುರದ ಬಳಿ ಗುಡ್ಡವನ್ನು ಕೊರೆದು ಭದ್ರೆಯ ನೀರನ್ನು ವೇದಾವತಿಯ ಸೀಮೆಗೆ ಹರಿಸುವ ಕಾಮಗಾರಿ ನಡೆದಿರುವುದರಿಂದ ಮುಂದೆ ಆ ಕೆರೆಗಳ ಪಾಡು ಸುಧಾರಿಸಬಹುದು. ಆ ನೀರಿನೊಡನೆ ಮೀನೂ, ಮೀನಿನೊಡನೆ ಹುಳುವೂ ಸುರಂಗವನ್ನು ದಾಟಬಹುದು. ಇನ್ನು ಅರಬ್ಬೀ ಸಮುದ್ರದ ಅಂಜಲ್ ಮೀನಿನ ಮಾತು. ಅದಕ್ಕೆ ಯಾರೂ ನೀರನ್ನು ಕಿರಿದುಮಾಡಿರಲಿಲ್ಲ. ಮನುವಿನ ಮೀನು ಬೇಡಿದ ಸಮುದ್ರವು ಅದಕ್ಕೆ ಹುಟ್ಟಿನಿಂದಲೇ ದೊರೆತಿತ್ತು. ಆದರೂ ಅದರ ಕಿವಿರಿನಲ್ಲಿ ಪ್ರೈಸಿಯವು ಇಕ್ಕುಳಗಳನ್ನು ಬಿಗಿದು ಕುಳಿತಿತ್ತು. ಈ ಪಾಲು ನಮ್ಮದಲ್ಲ. ಎಷ್ಟು ಕಳೆದರೂ ಉಳಿಯುವ ಶೇಷ ಇದು.

ಬ್ರಹ್ಮಸೂತ್ರಕಾರನ ಮುಂದಿನ ಮಾತು ನನಗೆ ಅರ್ಥವಾದದ್ದು ಇಲ್ಲಿಯೇ. ಸೃಷ್ಟಿಗೆ ಮೊದಲು ಕರ್ಮವೆಲ್ಲಿತ್ತು ಎಂದು ಆಕ್ಷೇಪಿಸಿದವನಿಗೆ ಅವನು ಸಂಸಾರವು ಅನಾದಿಯೆಂದು ಉತ್ತರಿಸುತ್ತಾನೆ. ಹಿಂದೆ ಇದು ನನಗೆ ವಾದದಿಂದ ನುಣುಚಿಕೊಳ್ಳುವ ಉಪಾಯವೆಂದು ತೋರುತ್ತಿತ್ತು. ಈಗ ಹಾಗೆ ತೋರುವುದಿಲ್ಲ. ಮೀನಿನ ಉಸಿರಿನ ದಿಕ್ಕು ಹುಳುವಿನ ಮೈಯಲ್ಲಿ ಅಚ್ಚಾಗಬೇಕಾದರೆ, ಇವೆರಡರ ವಂಶಗಳು ಎಣಿಕೆಗೆ ಮೀರಿದ ಕಾಲ ಕೂಡಿಯೇ ಬಾಳಿರಬೇಕು. ಹುಳುವಿಲ್ಲದ ಮೀನು ಮೊದಲು ನಿರ್ದೋಷವಾಗಿ ಈಜುತ್ತಿತ್ತು, ಅನಂತರ ಯಾರೋ ಹುಳುವನ್ನು ತಂದು ಅದಕ್ಕೆ ಅಂಟಿಸಿದರು ಎನ್ನುವಂಥ ಗಳಿಗೆಯೊಂದನ್ನು ಹುಡುಕಿದರೆ ಸಿಕ್ಕುವುದಿಲ್ಲ. ಹುಡುಕಿದಷ್ಟೂ ಎರಡೂ ಜೊತೆಜೊತೆಯಾಗಿ ಹಿಂದಕ್ಕೆ ಸರಿಯುತ್ತವೆ. ಆರೋಪವನ್ನು ಹೊರಿಸುವುದಕ್ಕೆ ಅಂಥ ಒಂದು ಗಳಿಗೆ ಬೇಕು. ಅನಾದಿಯೆಂಬ ಉತ್ತರವು ಮೀನಿನ ನೋವನ್ನು ಕಡಿಮೆಮಾಡುವುದಿಲ್ಲ, ಅದಕ್ಕೆ ಅರ್ಥವನ್ನೂ ಕೊಡುವುದಿಲ್ಲ. ಹಾಗೆ ಕೊಡುತ್ತದೆಂದು ಸೂತ್ರಕಾರನೂ ಹೇಳಲಿಲ್ಲ. ವಿಚಾರವು ಎಲ್ಲಿಯವರೆಗೆ ನಡೆಯಬಲ್ಲುದೋ ಆ ಮೇರೆಯನ್ನು ಅವನು ಗುರುತುಮಾಡಿಟ್ಟನು, ಮತ್ತು ಇಷ್ಟು ದೂರ ಬಂದ ಮೇಲೆ ನಾನೂ ಅಲ್ಲಿಯೇ ನಿಲ್ಲುತ್ತೇನೆ.